ಸ್ವೀಕರಿಸಿದ ವ್ರತ, ಹೇರಿದ ಕಟ್ಟಳೆ

ವ್ರತವು ಮೊದಲು ಮನಸ್ಸಿನಲ್ಲಿ ಹುಟ್ಟಿ, ಅನಂತರ ವಚನಕ್ಕೆ ಬಂದು, ಕಡೆಗೆ ಕಾಯದಲ್ಲಿ ನೆಲೆಸುತ್ತದೆ. ಅಷ್ಟಮಿ ಚತುರ್ದಶಿಗಳಂದು ಪ್ರೋಷಧೋಪವಾಸವನ್ನು ಕೈಕೊಳ್ಳುವ ಶ್ರಾವಿಕೆಯು ದೇವ-ಗುರು-ಶಾಸ್ತ್ರಗಳ ಸಾಕ್ಷಿಯಾಗಿ ತಾನೇ ಆ ನಿಯಮವನ್ನು ಸ್ವೀಕರಿಸುತ್ತಾಳೆ. ಅದರ ಕಾಲಮಿತಿಯನ್ನೂ ತಾನೇ ಅರಿತಿರುತ್ತಾಳೆ. ಸೆರೆಮನೆಯಲ್ಲಿ ಅನ್ನ ಸಿಗದೆ ಬಳಲಿದವನ ಹಸಿವನ್ನು ಯಾರೂ ಉಪವಾಸವೆಂದು ಕರೆಯುವುದಿಲ್ಲ. ಪರಾಧೀನನಾದ ಜೀವನು ಹಸಿವು ಬಾಯಾರಿಕೆಗಳನ್ನು ಸಹಿಸಿದಾಗ ಆಗುವ ಕರ್ಮಕ್ಷಯಕ್ಕೆ ಶಾಸ್ತ್ರಕಾರರು ಅಕಾಮ ನಿರ್ಜರೆ ಎಂಬ ಬೇರೆಯೇ ಹೆಸರನ್ನಿಟ್ಟು, ಅದನ್ನು ವ್ರತದ ಸಾಲಿನಿಂದ ದೂರವಿರಿಸಿದ್ದಾರೆ. ಹೊರಗಿನಿಂದ ನೋಡಿದರೆ ಎರಡು ಹೊಟ್ಟೆಗಳೂ ಬರಿದೇ. ಒಳಗಿನ ಭಾವದಲ್ಲಿ ಮಾತ್ರ ಅಜಗಜಾಂತರವಿದೆ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ ಮತ್ತು ತಪಸ್ಸುಗಳನ್ನು ಹೇಳುವಾಗಲೂ ಶಕ್ತಿತಸ್ತ್ಯಾಗ, ಶಕ್ತಿತಸ್ತಪ ಎಂದು ಆಯಾ ಜೀವದ ಶಕ್ತಿಯ ಅಳತೆಯನ್ನು ಜೊತೆಗೇ ಇರಿಸಿರುವುದು ಗಮನಿಸತಕ್ಕ ಸಂಗತಿ.

ಈ ಭೇದವು ಶ್ರಾವಕರ ಮನೆಗಳಲ್ಲಿ ಮಕ್ಕಳಿಗೂ ತಿಳಿದಿರುವಂಥದು. ಆದರೆ ಒಂದು ಧರ್ಮದ ನಂಬಿಕೆಯು ರಾಜ್ಯದ ಶಾಸನವಾಗಿ ಮಾರ್ಪಟ್ಟು, ಅದನ್ನು ಒಪ್ಪಿದವರ ಮೇಲೆಯೂ ಒಪ್ಪದವರ ಮೇಲೆಯೂ ಸಮನಾಗಿ ಎರಗಿದಾಗ ಇದೇ ಭೇದವು ಮರೆತುಹೋಗುತ್ತದೆ. ಗರ್ಭಧಾರಣೆ, ಪ್ರಸವ, ಸಂತಾನ ನಿಯಂತ್ರಣ, ಗರ್ಭಪಾತ ಮುಂತಾದ ವಿಷಯಗಳಲ್ಲಿ ಜಗತ್ತಿನ ಅನೇಕ ದೇಶಗಳ ಆರೋಗ್ಯ ನೀತಿಯು ಧರ್ಮಶ್ರದ್ಧೆಯ ಅಚ್ಚಿನಲ್ಲಿಯೇ ರೂಪುಗೊಂಡಿದೆ. ಧರ್ಮಶ್ರದ್ಧೆಗೆ ಅಂಥ ಅಧಿಕಾರ ಉಂಟೇ? ಜೀವದಯೆಯೇ ಪರಮಧರ್ಮವೆಂದು ನಂಬಿದ ಸಮಾಜವು ಈ ಪ್ರಶ್ನೆಗೆ ಏನೆಂದು ಉತ್ತರಿಸಬೇಕು? ಇದನ್ನು ವಿಚಾರಿಸುವುದಕ್ಕೆ ಐರ್ಲೆಂಡ್ ದೇಶದ ನೂರು ವರ್ಷಗಳ ಇತಿಹಾಸವು ತಕ್ಕ ಉದಾಹರಣೆಯಾಗಿದೆ. ಆ ದೇಶವು ಕರ್ನಾಟಕಕ್ಕೆ ಬಹುದೂರದ್ದಾದರೂ, ಅಲ್ಲಿಯ ಶಾಸನ ಬದಲಾದ ಕಥೆಯಲ್ಲಿ ಬೆಳಗಾವಿಯಲ್ಲಿ ಬೆಳೆದ ಹೆಣ್ಣುಮಗಳೊಬ್ಬಳ ಮರಣವು ಸೇರಿಕೊಂಡಿದೆ.

ಐರ್ಲೆಂಡಿನ ಬಹುಜನರು ರೋಮನ್ ಕ್ಯಾಥೊಲಿಕ್ ಮತದವರು. ಬ್ರಿಟಿಷರ ಆಳ್ವಿಕೆಯಿಂದ 1922ರಲ್ಲಿ ಬಿಡುಗಡೆ ಹೊಂದಿದ ಆ ಜನಕ್ಕೆ ತಮ್ಮ ಮತವು ತಮ್ಮ ಸ್ವಾತಂತ್ರ್ಯದ ಗುರುತೂ ಆಗಿದ್ದಿತು. ಆದುದರಿಂದ ಹೊಸ ರಾಜ್ಯವು ಮತಾಚಾರ್ಯರ ಮಾತಿಗೆ ಹೆಚ್ಚಿನ ಬೆಲೆ ಕೊಟ್ಟುದರಲ್ಲಿ ಆಶ್ಚರ್ಯವಿಲ್ಲ. 1929ರ ಶಾಸನವೊಂದು ಸಂತಾನ ನಿಯಂತ್ರಣವನ್ನು ಸಮರ್ಥಿಸುವ ಪುಸ್ತಕಗಳ ಪ್ರಕಟಣೆಯನ್ನೂ ಮಾರಾಟವನ್ನೂ ನಿಷೇಧಿಸಿತು. 1935ರಲ್ಲಿ ಗರ್ಭನಿರೋಧಕ ಸಾಧನಗಳ ಮಾರಾಟವೂ ಆಮದೂ ಅಪರಾಧವೆನಿಸಿದವು. ಇವೆರಡರ ನಡುವೆ, 1930ರಲ್ಲಿ, ಮೈಸೂರು ಸಂಸ್ಥಾನವು ತನ್ನ ಸರ್ಕಾರಿ ಆಸ್ಪತ್ರೆಗಳಲ್ಲಿಯೇ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಿಸಿತ್ತೆಂಬುದನ್ನು ಸ್ಮರಿಸಿದರೆ, ಒಂದೇ ಕಾಲದಲ್ಲಿ ಎರಡು ನಾಡುಗಳು ಎಷ್ಟು ಭಿನ್ನವಾದ ದಾರಿಗಳನ್ನು ಹಿಡಿದಿದ್ದವೆಂಬುದು ತಿಳಿದೀತು. 1937ರ ಐರಿಷ್ ಸಂವಿಧಾನವು ಕ್ಯಾಥೊಲಿಕ್ ಚರ್ಚಿಗೆ ವಿಶೇಷ ಸ್ಥಾನವನ್ನು ಮಾನ್ಯಮಾಡಿತು. 1972ರ ಜನಮತಗಣನೆಯ ಅನಂತರವೇ ಆ ವಾಕ್ಯವು ಸಂವಿಧಾನದಿಂದ ತೆಗೆಯಲ್ಪಟ್ಟಿತು.

ಮತಾಚಾರ್ಯರ ಪ್ರಭಾವವು ಗರ್ಭನಿರೋಧದ ಪ್ರಶ್ನೆಗಷ್ಟೇ ಸೀಮಿತವಾಗಿರಲಿಲ್ಲ. ಆರೋಗ್ಯ ಮಂತ್ರಿ ನೋಯೆಲ್ ಬ್ರೌನ್ ಎಂಬಾತನು ಗರ್ಭಿಣಿಯರಿಗೂ ಹದಿನಾರು ವಯಸ್ಸಿನ ಒಳಗಿನ ಮಕ್ಕಳಿಗೂ, ಆದಾಯದ ಭೇದವೆಣಿಸದೆ, ಉಚಿತ ವೈದ್ಯಕೀಯ ಸೇವೆಯನ್ನು ಒದಗಿಸುವ ಯೋಜನೆಯನ್ನು ಮುಂದಿಟ್ಟನು. ಕುಟುಂಬದ ಹಕ್ಕಿನೊಳಗೆ ರಾಜ್ಯವು ಕೈಹಾಕುತ್ತದೆಂದೂ, ಸರ್ಕಾರಿ ವೈದ್ಯರು ತಾಯಂದಿರಿಗೆ ನೀಡುವ ತಿಳಿವಳಿಕೆಯು ಮತದ ಬೋಧನೆಗೆ ವಿರುದ್ಧವಾಗಿ ಹೋಗಬಹುದೆಂದೂ ಬಿಷಪ್ಪರು ಆಕ್ಷೇಪಿಸಿದರು. ವೈದ್ಯರ ಸಂಘವೂ ತನ್ನದೇ ಕಾರಣಗಳಿಂದ ವಿರೋಧಿಸಿತು. ಮಂತ್ರಿಮಂಡಲವು ಹಿಂಜರಿಯಿತು, 1951ರ ಏಪ್ರಿಲ್ ತಿಂಗಳಲ್ಲಿ ಬ್ರೌನ್ ರಾಜೀನಾಮೆ ಕೊಡಬೇಕಾಯಿತು. ತಾಯಿ ಮಕ್ಕಳ ರಕ್ಷಣೆಯ ಯೋಜನೆಯೇ ಧರ್ಮದ ಹೆಸರಿನಲ್ಲಿ ತಡೆಯಲ್ಪಟ್ಟಿತೆಂಬುದು ವಿಚಾರವಂತರನ್ನು ಇಂದಿಗೂ ಚಿಂತೆಗೀಡುಮಾಡುವ ಸಂಗತಿಯಾಗಿದೆ.

1968ರಲ್ಲಿ ಪೋಪ್ 6ನೆಯ ಪಾಲ್ ಅವರು ಕೃತಕ ಗರ್ಭನಿರೋಧವು ಧರ್ಮಬಾಹಿರವೆಂದು ಮತ್ತೊಮ್ಮೆ ಸಾರಿದರು. ಇದಾದ ಕೆಲವೇ ವರ್ಷಗಳಲ್ಲಿ ನಾಲ್ಕು ಮಕ್ಕಳ ತಾಯಿಯೊಬ್ಬಳು ಐರ್ಲೆಂಡಿನ ನ್ಯಾಯಾಲಯದ ಮೆಟ್ಟಿಲೇರಿದಳು. ಇನ್ನೊಂದು ಗರ್ಭವು ಪ್ರಾಣಕ್ಕೆ ಅಪಾಯವೆಂದು ವೈದ್ಯರು ಆಕೆಗೆ ಎಚ್ಚರಿಕೆ ಕೊಟ್ಟಿದ್ದರು. ಆಕೆ ಹೊರದೇಶದಿಂದ ಅಂಚೆಯಲ್ಲಿ ತರಿಸಿದ ಗರ್ಭನಿರೋಧಕವನ್ನು ಸುಂಕದ ಅಧಿಕಾರಿಗಳು ವಶಪಡಿಸಿಕೊಂಡಿದ್ದರು. ಸತಿಪತಿಗಳ ಖಾಸಗಿ ಬಾಳಿನಲ್ಲಿ ರಾಜ್ಯವು ಹೀಗೆ ಪ್ರವೇಶಿಸಲಾಗದೆಂದು 1973ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಹಾಗಿದ್ದರೂ 1979ರ ಶಾಸನವು ಗರ್ಭನಿರೋಧಕಗಳನ್ನು ವೈದ್ಯರ ಚೀಟಿಯಿದ್ದಲ್ಲಿ ಮಾತ್ರ, ಅದೂ ಪ್ರಾಮಾಣಿಕವಾದ ಕುಟುಂಬ ಯೋಜನೆಯ ಉದ್ದೇಶಕ್ಕೆ ಮಾತ್ರ, ದೊರಕುವಂತೆ ಮಾಡಿತು.

ಗರ್ಭಪಾತವಂತೂ 1861ರ ಬ್ರಿಟಿಷ್ ಶಾಸನದನ್ವಯ ಮೊದಲಿನಿಂದಲೇ ಆಜೀವ ಶಿಕ್ಷೆಗೆ ಗುರಿಮಾಡಬಲ್ಲ ಅಪರಾಧವಾಗಿದ್ದಿತು. ಮುಂದೆ ಯಾವ ನ್ಯಾಯಾಲಯವೂ ಅದನ್ನು ಸಡಿಲಿಸಬಾರದೆಂಬ ಅಭಿಪ್ರಾಯದಿಂದ 1983ರ ಸೆಪ್ಟೆಂಬರ್ 7ರಂದು ಜನಮತಗಣನೆ ನಡೆದು, ಸಂವಿಧಾನಕ್ಕೆ 8ನೆಯ ತಿದ್ದುಪಡಿಯು ಸೇರಿತು. ಮತವಿತ್ತವರಲ್ಲಿ ಶೇಕಡ 66.9ರಷ್ಟು ಜನ ಅದನ್ನು ಬೆಂಬಲಿಸಿದರು. ಇನ್ನೂ ಹುಟ್ಟದ ಶಿಶುವಿಗೆ ತಾಯಿಯಷ್ಟೇ ಸಮಾನವಾದ ಜೀವಿಸುವ ಹಕ್ಕು ಉಂಟೆಂಬುದು ಆ ತಿದ್ದುಪಡಿಯ ಸಾರ. ಕೇಳುವುದಕ್ಕೆ ಇದು ಪೂರ್ಣವಾದ ಜೀವದಯೆಯ ಮಾತಿನಂತೆಯೇ ತೋರುತ್ತದೆ. ಒಂದೇ ದೇಹದಲ್ಲಿ ನೆಲೆಸಿದ ಎರಡು ಜೀವಗಳ ಹಕ್ಕುಗಳು ಒಂದಕ್ಕೊಂದು ಎದುರಾದಾಗ ಯಾರು, ಯಾವ ಗಳಿಗೆಯಲ್ಲಿ, ಯಾವುದನ್ನು ನೋಡಿ ನಿರ್ಣಯಿಸಬೇಕೆಂಬುದನ್ನು ಮಾತ್ರ ಆ ವಾಕ್ಯವು ಹೇಳಲಿಲ್ಲ.

ಅದರ ಪರಿಣಾಮವು ಬಹುಬೇಗ ಗೋಚರವಾಯಿತು. 1992ರಲ್ಲಿ ಅತ್ಯಾಚಾರದಿಂದ ಗರ್ಭಿಣಿಯಾದ ಹದಿನಾಲ್ಕು ವಯಸ್ಸಿನ ಬಾಲಿಕೆಯು ಗರ್ಭಪಾತಕ್ಕಾಗಿ ಇಂಗ್ಲೆಂಡಿಗೆ ಹೋಗಬಾರದೆಂದು ಉಚ್ಚ ನ್ಯಾಯಾಲಯವು ತಡೆಯಾಜ್ಞೆ ನೀಡಿತು. ಆ ಬಾಲಿಕೆ ಪ್ರಾಣ ಕಳೆದುಕೊಳ್ಳುವ ಮಾತನಾಡುತ್ತಿದ್ದಳು. ಸರ್ವೋಚ್ಚ ನ್ಯಾಯಾಲಯವು ಅದೇ ಮಾರ್ಚ್ ತಿಂಗಳಲ್ಲಿ ಆ ಆಜ್ಞೆಯನ್ನು ತೆಗೆದುಹಾಕಿ, ತಾಯಿಯ ಪ್ರಾಣಕ್ಕೆ ನಿಜವಾದ ಅಪಾಯವಿದ್ದಲ್ಲಿ ಗರ್ಭಪಾತವು ಸಂವಿಧಾನಕ್ಕೆ ವಿರುದ್ಧವಲ್ಲವೆಂದು ಸಾರಿತು. ಆದರೆ ಆ ತೀರ್ಪನ್ನು ವೈದ್ಯರು ಅನುಸರಿಸಲು ಬೇಕಾದ ಶಾಸನವನ್ನು ಯಾವ ಸರ್ಕಾರವೂ ಎರಡು ದಶಕಗಳ ಕಾಲ ರಚಿಸಲಿಲ್ಲ. ಪ್ರಾಣಕ್ಕೆ ಅಪಾಯವಿದ್ದರೆ ಸರಿ, ಆರೋಗ್ಯಕ್ಕೆ ಮಾತ್ರ ಅಪಾಯವಿದ್ದರೆ ಸರಿಯಲ್ಲ ಎಂಬ ಕೂದಲೆಳೆಯಂಥ ಗೆರೆಯೊಂದು ಉಳಿಯಿತು. ಆ ಗೆರೆ ಎಲ್ಲಿದೆಯೆಂಬುದನ್ನು ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತ ವೈದ್ಯರೇ, ತಲೆಯ ಮೇಲೆ ಆಜೀವ ಶಿಕ್ಷೆಯ ಭಯವನ್ನು ಹೊತ್ತು, ಊಹಿಸಬೇಕಾಗಿದ್ದಿತು.

ಇಂಥ ಕಾಲದಲ್ಲಿ, 2012ರ ಅಕ್ಟೋಬರ್ 21ರಂದು, ಗಾಲ್ವೇ ನಗರದ ಆಸ್ಪತ್ರೆಗೆ ಸವಿತಾ ಹಾಲಪ್ಪನವರ್ ಎಂಬ 31 ವರ್ಷದ ದಂತವೈದ್ಯೆಯು ಬೆನ್ನುನೋವಿನಿಂದ ಬಂದರು. ಆಗ ಅವರು 17 ವಾರಗಳ ಗರ್ಭಿಣಿ. ಗರ್ಭವು ಉಳಿಯುವಂತಿಲ್ಲವೆಂದು ವೈದ್ಯರು ತಿಳಿಸಿದರು. ಮರುದಿನದ ಮೊದಲ ಗಳಿಗೆಯಲ್ಲಿ ಗರ್ಭಜಲದ ಚೀಲವೂ ಒಡೆಯಿತು. ಹೇಗೂ ಉಳಿಯದ ಗರ್ಭವನ್ನು ತೆಗೆದುಬಿಡಿರೆಂದು ದಂಪತಿಗಳು ಬೇಡಿಕೊಂಡರು. ಭ್ರೂಣದ ಎದೆಬಡಿತ ಇನ್ನೂ ಕೇಳಿಸುತ್ತಿದ್ದುದರಿಂದಲೂ, ತಾಯಿಯ ಪ್ರಾಣಕ್ಕೆ ಆಗ ಅಪಾಯ ಕಂಡುಬಾರದ್ದರಿಂದಲೂ, ಶಾಸನವು ಅದಕ್ಕೆ ಎಡೆಗೊಡುವುದಿಲ್ಲವೆಂಬ ಉತ್ತರ ಬಂದಿತು. ತಾನು ಐರಿಷಳೂ ಅಲ್ಲ, ಕ್ಯಾಥೊಲಿಕಳೂ ಅಲ್ಲ ಎಂದು ಅವರು ಹೇಳಿಕೊಂಡರೆಂದು ಪತಿ ಅನಂತರ ತಿಳಿಸಿದ್ದಾರೆ. ದಿನಗಳು ಕಳೆಯುತ್ತಿದ್ದಂತೆ ಗರ್ಭಾಶಯದ ಸೋಂಕು ರಕ್ತಕ್ಕೇರಿ ಮೈಯೆಲ್ಲ ನಂಜಾಯಿತು. 24ರಂದು ಗರ್ಭವು ತಾನಾಗಿಯೇ ಜಾರಿಹೋಯಿತು. 28ರಂದು ಸವಿತಾ ತೀರಿಕೊಂಡರು.

ಮರಣದ ವಿಚಾರಣೆಗಳು ಶಾಸನವನ್ನೊಂದನ್ನೇ ಹೊಣೆಮಾಡಲಿಲ್ಲವೆಂಬುದನ್ನು ನ್ಯಾಯದೃಷ್ಟಿಯಿಂದ ಇಲ್ಲಿ ಹೇಳಲೇಬೇಕು. ಆರೋಗ್ಯ ಇಲಾಖೆಯ ಪರವಾಗಿ ನಡೆದು 2013ರ ಜೂನಿನಲ್ಲಿ ಪ್ರಕಟವಾದ ತನಿಖೆಯು ಸೋಂಕಿನ ಲಕ್ಷಣಗಳನ್ನು ಸಕಾಲದಲ್ಲಿ ಗಮನಿಸದಿದ್ದ ಲೋಪಗಳನ್ನು ಎತ್ತಿ ತೋರಿಸಿತು. ಅದರ ಜೊತೆಗೆ, ಭ್ರೂಣದ ಎದೆಬಡಿತ ನಿಲ್ಲುವ ತನಕ ಕೈಹಾಕಬಾರದೆಂಬ ಎಣಿಕೆಗೆ ಅತಿಯಾದ ಪ್ರಾಮುಖ್ಯ ದೊರೆಯಿತೆಂದೂ ಹೇಳಿತು. ಮೊದಲ ಒಂದೆರಡು ದಿನಗಳಲ್ಲಿ ಗರ್ಭವನ್ನು ತೆಗೆದಿದ್ದರೆ ಆಕೆ ಬಹುಶಃ ಬದುಕುತ್ತಿದ್ದರೆಂದೂ, ಆ ದಿನಗಳಲ್ಲಿ ಶಾಸನ ಅಡ್ಡವಾಗಿತ್ತೆಂದೂ, ಶಾಸನ ಎಡೆಗೊಡುವಷ್ಟು ಅಪಾಯ ತೋರಿದಾಗ ಕಾಲ ಮೀರಿತ್ತೆಂದೂ ಪ್ರಸೂತಿ ತಜ್ಞರೊಬ್ಬರು ಸಾಕ್ಷ್ಯ ನುಡಿದರು. ಒಂದು ಜೀವವನ್ನು ಉಳಿಸುವುದಕ್ಕಾಗಿ ರಚಿತವಾದ ಶಾಸನದ ನೆರಳಿನಲ್ಲಿ ಎರಡು ಜೀವಗಳೂ ಉಳಿಯಲಿಲ್ಲ.

ಕ್ಯಾಥೊಲಿಕ್ ಮತವು ನಿರ್ದಯವಾದುದೆಂದು ಇದರಿಂದ ತೀರ್ಮಾನಿಸುವುದು ಸರಿಯಾಗದು. ಅನೇಕಾಂತವನ್ನು ಒಪ್ಪಿದವರಿಗಂತೂ ಆ ಮಾತು ಶೋಭಿಸದು. ಥಾಮಸ್ ಅಕ್ವಿನಾಸ್ ಎಂಬ 13ನೆಯ ಶತಮಾನದ ತತ್ತ್ವಜ್ಞನ ಚಿಂತನೆಯಿಂದ ಬೆಳೆದುಬಂದ ಸೂಕ್ಷ್ಮವಾದ ವಿವೇಚನೆಯೊಂದು ಆ ಮತದಲ್ಲಿದೆ. ಒಳ್ಳೆಯ ಉದ್ದೇಶದಿಂದ ಮಾಡಿದ ಕಾರ್ಯದಿಂದ, ಬಯಸದ ಕೇಡೊಂದು ಜೊತೆಯಲ್ಲಿಯೇ ಸಂಭವಿಸಿದರೆ, ಕೇಡನ್ನೇ ಬಯಸಿ ಮಾಡಿದ ಪಾಪಕ್ಕೆ ಅದು ಸಮಾನವಲ್ಲವೆಂಬುದು ಅದರ ತಾತ್ಪರ್ಯ. ತಾಯಿಯ ರೋಗಕ್ಕೆ ಕೊಡುವ ಚಿಕಿತ್ಸೆಯಿಂದ ಗರ್ಭವು ಹೋದರೂ ಆ ಮತದ ಆಚಾರ್ಯರು ಚಿಕಿತ್ಸೆಯನ್ನು ನಿಷೇಧಿಸಿರಲಿಲ್ಲ. ಅಂದ ಮೇಲೆ ಶ್ರದ್ಧೆಯಲ್ಲಿದ್ದ ಸೂಕ್ಷ್ಮತೆಯು ಶಾಸನಕ್ಕೆ ಬರುವಾಗ ಎಲ್ಲಿ ಉದುರಿಹೋಯಿತು? ಈ ಪ್ರಶ್ನೆಯಲ್ಲಿಯೇ ಇಡೀ ವಿಷಯದ ಮರ್ಮ ಅಡಗಿದೆ.

ಜೈನ ಸಿದ್ಧಾಂತದ ಪರಿಭಾಷೆಯಲ್ಲಿ ಹೇಳುವುದಾದರೆ, ಶಾಸನಕ್ಕೆ ಮುಖ್ಯವಾಗಿ ಕಾಣುವುದು ದ್ರವ್ಯ. ಧರ್ಮಕ್ಕೆ ಮುಖ್ಯವಾದುದು ಭಾವ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯನ್ನು ಒಂಟಿಯಾಗಿ ಹೇಳಲಿಲ್ಲ. ಅದಕ್ಕೆ ಪ್ರಮಾದದ ಯೋಗವನ್ನು ಕೂಡಿಸಿದರು. ಕಷಾಯದಿಂದಲೋ ಅಜಾಗರೂಕತೆಯಿಂದಲೋ ಕೂಡಿದ ಪ್ರವೃತ್ತಿಯೇ ಹಿಂಸೆಯ ಬೇರು. ದಿನವಿಡೀ ಬಲೆ ಬೀಸಿಯೂ ಒಂದು ಮೀನೂ ಸಿಗದ ಮೀನುಗಾರನು ಹಿಂಸಕನೆನಿಸುತ್ತಾನೆ. ಉಳುವಾಗ ಅನೇಕ ಜೀವಿಗಳು ಸತ್ತರೂ ರೈತನು ಅವನಂತೆ ಹಿಂಸಕನೆನಿಸುವುದಿಲ್ಲ. ಈ ದೃಷ್ಟಾಂತವು ಶ್ರಾವಕರಿಗೆ ಹೊಸದೇನಲ್ಲ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ತೊರೆಯಲೇಬೇಕೆಂದು ವಿಧಿಸಿದುದರ ಹಿಂದೆಯೂ ಇದೇ ವಿವೇಕವಿದೆ. ಗಾಲ್ವೇ ನಗರದ ಆ ಕೋಣೆಯಲ್ಲಿ ಶಾಸನವು ಆಲಿಸಿದ್ದು ಎದೆಬಡಿತವೊಂದನ್ನೇ. ಆ ಬಡಿತದ ಭವಿಷ್ಯವೇನು, ಅದರ ಪಕ್ಕದಲ್ಲಿ ಏರುತ್ತಿದ್ದ ಜ್ವರವೇನು, ಚಿಕಿತ್ಸೆಯನ್ನು ಬೇಡಿದವರ ಭಾವವೇನು ಎಂಬುದು ಅದಕ್ಕೆ ಕೇಳಿಸಲಿಲ್ಲ. ಭಾವವನ್ನು ಕಳೆದುಕೊಂಡ ನಂಬಿಕೆಯು ಶಾಸನದ ಪುಟಗಳಲ್ಲಿ ಬರಿಯ ಸಿಪ್ಪೆಯಾಗಿ ಉಳಿಯುತ್ತದೆ. ಅದಕ್ಕೆ ದಂಡದ ಬಲ ಸೇರಿದಾಗ ಭಯವು ಹುಟ್ಟುತ್ತದೆ. ಭಯ ಹುಟ್ಟಿದಲ್ಲಿ ಜಾಗರೂಕತೆ ಕುಗ್ಗಿ ಪ್ರಮಾದವು ತಲೆಯೆತ್ತುತ್ತದೆ.

ಇಲ್ಲಿ ಎರಡು ಆಕ್ಷೇಪಗಳು ಏಳುವುದು ಸಹಜ. ಮೊದಲನೆಯದು ಹೀಗಿದೆ. ಉಪವಾಸವು ಒಬ್ಬಳ ಸ್ವಂತ ದೇಹಕ್ಕೆ ಸಂಬಂಧಿಸಿದ್ದು. ಗರ್ಭದಲ್ಲಿರುವುದಾದರೋ ಮತ್ತೊಂದು ಜೀವ. ಆಗಮದ ದೃಷ್ಟಿಯಲ್ಲಿ ಅದು ಪಂಚೇಂದ್ರಿಯ ಮನುಷ್ಯ ಜೀವವೇ. ಕೊಲೆಯನ್ನು ಶಾಸನವು ತಡೆಯುವಂತೆ ಇದನ್ನೂ ಏಕೆ ತಡೆಯಬಾರದು? ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಗರ್ಭಸ್ಥ ಜೀವವು ಲೆಕ್ಕಕ್ಕಿಲ್ಲದ ವಸ್ತುವೆಂದು ಯಾವ ಶ್ರಾವಕನೂ ಒಪ್ಪಲಾರ, ಒಪ್ಪಬೇಕಾಗಿಯೂ ಇಲ್ಲ. ಆದರೆ ಕೊಲೆಯನ್ನು ನಿಷೇಧಿಸುವ ಶಾಸನವು ಪ್ರಜೆಯಿಂದ ಕೇಳುವುದು ಇತರರ ಮೇಲೆ ಕೈಯೆತ್ತದಿರುವ ಸಂಯಮವನ್ನು ಮಾತ್ರ. ಗರ್ಭವನ್ನು ಕುರಿತ ಶಾಸನವು ಒಬ್ಬಳ ರಕ್ತಮಾಂಸವನ್ನು, ಆರೋಗ್ಯವನ್ನು, ಕೆಲವೊಮ್ಮೆ ಪ್ರಾಣವನ್ನೇ ಕೇಳುತ್ತದೆ. ಮತ್ತೊಬ್ಬರಿಗಾಗಿ ತನ್ನ ದೇಹವನ್ನು ಸವೆಸುವುದು ಮಹತ್ತಾದ ತ್ಯಾಗ. ಅಸಂಖ್ಯ ತಾಯಂದಿರು ಅದನ್ನು ಸಂತೋಷದಿಂದ ಮಾಡಿದ್ದಾರೆ. ತ್ಯಾಗಕ್ಕೆ ಶಕ್ತಿಯ ಅಳತೆಯನ್ನು ಹಚ್ಚಿದ ಧರ್ಮವು, ಆ ಅಳತೆಗೋಲನ್ನು ಅವಳ ಕೈಯಿಂದ ಕಿತ್ತು ಪೊಲೀಸಿನವನ ಕೈಗೆ ಕೊಡಿರೆಂದು ಹೇಳಲಾರದು.

ಎರಡನೆಯ ಆಕ್ಷೇಪವು ಇನ್ನೂ ಸೂಕ್ಷ್ಮವಾದುದು. ಪಾಪವು ಕೃತ, ಕಾರಿತ, ಅನುಮೋದನೆಗಳೆಂಬ ಮೂರು ದಾರಿಗಳಿಂದ ಆಸ್ರವವಾಗುತ್ತದೆ. ಗರ್ಭಪಾತಕ್ಕೆ ಎಡೆಗೊಡುವ ಶಾಸನವನ್ನು ಸಹಿಸಿದರೆ ಅನುಮೋದನೆಯ ದೋಷವು ತಟ್ಟುವುದಿಲ್ಲವೇ? ವಿಚಾರಿಸಿ ನೋಡಿದರೆ, ದಂಡಿಸದಿರುವುದೂ ಅನುಮೋದಿಸುವುದೂ ಒಂದೇ ಆಗಲಾರವು. ಭಾರತದ ಶಾಸನವು ರಾತ್ರಿಭೋಜನವನ್ನು ನಿಷೇಧಿಸಿಲ್ಲ, ಕಂದಮೂಲಗಳನ್ನೂ ನಿಷೇಧಿಸಿಲ್ಲ. ಆದುದರಿಂದ ಶ್ರಾವಕರು ಅವುಗಳನ್ನು ಅನುಮೋದಿಸಿದರೆಂದು ಯಾರೂ ಎಣಿಸುವುದಿಲ್ಲ. ಅನುಮೋದನೆಯು ಮನಸ್ಸಿನ ಹರ್ಷದಲ್ಲಿದೆ. ಒಂದು ಕೃತ್ಯವನ್ನು ಕಂಡು ದುಃಖಿಸುತ್ತ, ಅದನ್ನು ಮಾಡಿದವಳ ಸಂಕಟಕ್ಕೂ ಮರುಗುತ್ತ, ಅವಳನ್ನು ಸೆರೆಗೆ ತಳ್ಳಬೇಡಿರೆನ್ನುವವನ ಮನಸ್ಸಿನಲ್ಲಿ ಹರ್ಷವೆಲ್ಲಿದೆ? ಇದಕ್ಕೆ ಪ್ರತಿಯಾಗಿ, ಯಾವ ಕಟ್ಟಳೆಯ ಭಯದಿಂದ ವೈದ್ಯನ ಕೈ ತಡೆದು ರೋಗಿಯು ಸಾಯುತ್ತಾಳೋ, ಆ ಕಟ್ಟಳೆಯನ್ನು ಬಯಸಿ ತಂದವರಿಗೆ ಕಾರಿತದ ಹೊಣೆಯು ಎಷ್ಟರಮಟ್ಟಿಗೆ ತಟ್ಟುವುದೆಂಬುದನ್ನೂ ವಿಚಾರಿಸಬೇಕಾಗುತ್ತದೆ.

ಶಾಸನವು ವ್ರತದ ಅಂಗಳಕ್ಕೆ ಕಾಲಿಟ್ಟರೆ ಆಗುವ ನೋವೇನೆಂಬುದನ್ನು ಜೈನ ಸಮಾಜವು ಸ್ವತಃ ಅನುಭವಿಸಿದೆ. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಲ್ಲೇಖನ ವ್ರತವನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸಿ, ಅದನ್ನು ಆಚರಿಸುವವರೂ ನೆರವಾಗುವವರೂ ದಂಡಾರ್ಹರೆಂದು ತೀರ್ಪಿತ್ತಿತು. ಶ್ರವಣಬೆಳಗೊಳದ ಬೆಟ್ಟದ ಮೇಲೆ ಶತಮಾನಗಳ ಕಾಲ ಶಾಸನಗಳಲ್ಲಿ ಕೊರೆಯಿಸಿಕೊಂಡು ಬಂದ ಸಮಾಧಿಮರಣವು ಏಕಾಏಕಿ ಅಪರಾಧವೆನಿಸಿತು. ದೇಶದುದ್ದಕ್ಕೂ ದಿಗಂಬರ ಶ್ವೇತಾಂಬರರೆಂಬ ಭೇದವಿಲ್ಲದೆ ಜನರು ಮೌನ ಮೆರವಣಿಗೆಗಳಲ್ಲಿ ನಡೆದರು. ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ಕೊಟ್ಟಿತು. ಆಗ ಸಮಾಜವು ಮುಂದಿಟ್ಟ ವಾದವಾದರೂ ಏನು? ಹೊರಗಿನ ಕ್ರಿಯೆಯೊಂದನ್ನೇ ನೋಡಿ ನಿರ್ಣಯಿಸಬೇಡಿರಿ, ಒಳಗಿನ ಭಾವವನ್ನು ನೋಡಿರಿ. ಅಂತಃಕರಣದ ಈ ನಿರ್ಣಯವು ರಾಜ್ಯದ ಕೈಗೆ ಎಟುಕುವಂಥದಲ್ಲ, ಎಂಬುದೇ ತಾನೆ. ಸಲ್ಲೇಖನಕ್ಕೂ ಗರ್ಭದ ಪ್ರಶ್ನೆಗೂ ಇರುವ ವ್ಯತ್ಯಾಸವನ್ನು ಮೇಲೆಯೇ ಒಪ್ಪಿಕೊಂಡಿದೆ; ಅಲ್ಲಿ ಒಂದು ಜೀವ, ಇಲ್ಲಿ ಎರಡು. ಹಾಗಿದ್ದರೂ ಶಾಸನಕ್ಕೆ ದ್ರವ್ಯವೇ ಮುಖ್ಯವೆಂಬ ಮಾತು ಎರಡು ಕಡೆಯೂ ಒಂದೇ. ತನ್ನ ವ್ರತವನ್ನು ರಾಜ್ಯವು ನಿಷೇಧಿಸಬಾರದೆಂದು ಬೇಡುವ ಸಮಾಜವು, ತನ್ನ ವ್ರತವನ್ನು ರಾಜ್ಯವು ಅನ್ಯರ ಮೇಲೆ ಹೇರಲೆಂದು ಬಯಸಿದರೆ, ಕೊಡುವಾಗ ಒಂದು ಬಳ್ಳ, ಕೊಳ್ಳುವಾಗ ಇನ್ನೊಂದು ಬಳ್ಳ ಹಿಡಿದ ವ್ಯಾಪಾರಿಯಂತಾದೀತು. ಅಳತೆಯ ಮೋಸವು ಅಚೌರ್ಯಾಣುವ್ರತದ ಅತಿಚಾರಗಳಲ್ಲೊಂದೆಂಬುದು ಶ್ರಾವಕರಿಗೆ ತಿಳಿಯದ್ದೇನಲ್ಲ.

ಬಲಾತ್ಕಾರವು ಯಾವಾಗಲೂ ಧರ್ಮದ ವೇಷದಲ್ಲಿಯೇ ಬರುತ್ತದೆಂದೂ ಭಾವಿಸಬಾರದು. 1976-77ರಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ, ಭಾರತದಲ್ಲಿ 80 ಲಕ್ಷಕ್ಕೂ ಮಿಗಿಲಾಗಿ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಅನೇಕ ಕಡೆಗಳಲ್ಲಿ ಬಡವರನ್ನು ಒತ್ತಾಯದಿಂದಲೇ ಕರೆದೊಯ್ಯಲಾಯಿತು. ಅಲ್ಲಿ ಪ್ರಗತಿಯ ಹೆಸರಿತ್ತು, ಐರ್ಲೆಂಡಿನಲ್ಲಿ ಧರ್ಮದ ಹೆಸರಿತ್ತು. ಮನುಷ್ಯನ ದೇಹವನ್ನು ಅವನ ಒಪ್ಪಿಗೆಯಿಲ್ಲದೆ ನೀತಿಯ ಸಾಧನವಾಗಿ ಮಾಡಿಕೊಂಡುದರಲ್ಲಿ ಎರಡಕ್ಕೂ ಭೇದವಿಲ್ಲ. ಇದರ ನಡುವಣ ದಾರಿಯನ್ನು ಭಾರತದ 1971ರ ಗರ್ಭಪಾತ ಶಾಸನದಲ್ಲಿ ಕಾಣಬಹುದು. ಗೊತ್ತುಪಡಿಸಿದ ಕಾರಣಗಳಿಗಾಗಿ, ವೈದ್ಯರ ಅಭಿಪ್ರಾಯದ ಮೇರೆಗೆ ಅದು 20 ವಾರಗಳವರೆಗೆ ಎಡೆಕೊಟ್ಟಿತು. 2021ರ ತಿದ್ದುಪಡಿಯು ಕೆಲವು ವರ್ಗದ ಸ್ತ್ರೀಯರಿಗೆ ಆ ಮಿತಿಯನ್ನು 24 ವಾರಗಳಿಗೆ ವಿಸ್ತರಿಸಿತು. ತಾಯಿಯ ಪ್ರಾಣ ಉಳಿಸಲು ತತ್‌ಕ್ಷಣವೇ ಅಗತ್ಯವಾದಲ್ಲಿ ಅವಧಿಯ ನಿರ್ಬಂಧವೇ ಇಲ್ಲ. ಈ ಶಾಸನವು ಯಾರನ್ನೂ ಗರ್ಭಪಾತಕ್ಕೆ ಒತ್ತಾಯಿಸುವುದಿಲ್ಲ. ಗರ್ಭವನ್ನು ಉಳಿಸಿಕೊಳ್ಳುವೆನೆಂಬ ಶ್ರಾವಿಕೆಯ ನಿರ್ಧಾರವು ಇಲ್ಲಿ ಪೂರ್ತಿಯಾಗಿ ಅವಳದೇ ಆಗಿರುತ್ತದೆ; ದಂಡದ ಭಯವಿಲ್ಲದೆ ಕೈಕೊಂಡುದರಿಂದಲೇ ಅದಕ್ಕೆ ವ್ರತದ ಬೆಲೆ ಬರುತ್ತದೆ.

ಹಾಗಾದರೆ ಧರ್ಮಶ್ರದ್ಧೆಯು ಮೌನವಾಗಿರಬೇಕೇ? ಖಂಡಿತವಾಗಿಯೂ ಇಲ್ಲ. ಅದರ ಪ್ರಭಾವಕ್ಕೆ ನಿಜವಾದ ಕ್ಷೇತ್ರವು ಮನೆ. ಅಲ್ಲಿಯ ಸ್ಥಿತಿಯನ್ನು ನೋಡಿದರೆ ತಲೆತಗ್ಗಿಸಬೇಕಾಗುತ್ತದೆ. 2001ರ ಜನಗಣತಿಯಲ್ಲಿ, ಆರು ವಯಸ್ಸಿನವರೆಗಿನ ಮಕ್ಕಳಲ್ಲಿ ಪ್ರತಿ 1000 ಗಂಡುಮಕ್ಕಳಿಗೆ ಇಡೀ ದೇಶದಲ್ಲಿ 927 ಹೆಣ್ಣುಮಕ್ಕಳಿದ್ದರೆ, ಜೈನರಲ್ಲಿ ಇದ್ದುದು 870. ಭ್ರೂಣದ ಲಿಂಗವನ್ನು ಅರಿಯುವ ಪರೀಕ್ಷೆಯನ್ನು ನಿಷೇಧಿಸುವ ಶಾಸನವು 1994ರಲ್ಲಿಯೇ ಬಂದಿತ್ತು. ಈ ಅಂಕಿಗಳು ಯಾವ ಪಂಗಡದ, ಯಾವ ಮನೆಯ ತಪ್ಪೆಂದು ಹೇಳುವುದಿಲ್ಲ. ಎಲ್ಲ ಪಂಗಡಗಳನ್ನೂ ಎಲ್ಲ ರಾಜ್ಯಗಳನ್ನೂ ಸೇರಿಸಿದ ಲೆಕ್ಕವಿದು. ಹಾಗಿದ್ದರೂ ಇಂಥ ಕೊರತೆಯು ಪ್ರಕೃತಿಯ ಕೆಲಸವಾಗಿರಲಾರದು. ಇರುವೆಯನ್ನು ತುಳಿಯದಂತೆ ನೋಡಿ ನಡೆಯುವ, ನೀರನ್ನು ಸೋಸಿ ಕುಡಿಯುವ ಸಮಾಜದಲ್ಲಿ, ಹುಟ್ಟಬೇಕಾಗಿದ್ದ ಹೆಣ್ಣುಮಕ್ಕಳು ಎಣಿಕೆಯಿಂದ ಕಾಣೆಯಾಗಿದ್ದಾರೆ. ಇದು ಸಂಕಲ್ಪೀ ಹಿಂಸೆಯಲ್ಲದೆ ಬೇರೇನು? ಗಾಲ್ವೇ ನಗರದ ತಾಯಿಯು ತನ್ನ ಮಗುವನ್ನು ಬಯಸಿ ಕಳೆದುಕೊಂಡವಳು. ಇಲ್ಲಿ ನಡೆದದ್ದು ಬೇಡವೆಂದು ತಿಳಿದೇ ಕಳೆದದ್ದು. ಶಾಸನವು ಪರೀಕ್ಷೆಯನ್ನು ನಿಷೇಧಿಸಬಲ್ಲುದು. ಗಂಡುಮಗುವೇ ಬೇಕೆಂಬ ಅತ್ತೆಯ ಮಾತನ್ನು, ಪತಿಯ ಮೌನವನ್ನು ಅದು ನಿಷೇಧಿಸಲಾರದು. ಅದನ್ನು ಬದಲಾಯಿಸುವ ಶಕ್ತಿಯಿರುವುದು ಧರ್ಮಶ್ರದ್ಧೆಗೆ ಮಾತ್ರ.

ಗೃಹಸ್ಥರು ಕೈಕೊಳ್ಳಬಹುದಾದ ನಿಯಮಗಳು ಇನ್ನೂ ಹಲವಿವೆ. ಗರ್ಭಿಣಿಯೂ ಬಾಣಂತಿಯೂ ಉಪವಾಸ ಮಾಡಲೇಬೇಕೆಂದು ಮನೆಯ ಹಿರಿಯರು ಒತ್ತಾಯಿಸದೆ, ಶಕ್ತಿತಸ್ತಪದ ಅರ್ಥವನ್ನು ಅವರಿಗೆ ತಿಳಿಯಹೇಳಬೇಕು. ರಕ್ತಹೀನತೆಯಿಂದ ಬಳಲುವ ಸೊಸೆಯನ್ನು ವೈದ್ಯರಲ್ಲಿಗೆ ಕರೆದೊಯ್ಯುವುದು ಆಹಾರದಾನ ಔಷಧದಾನಗಳಿಗೆ ಸಮನಾದ ಪುಣ್ಯಕಾರ್ಯವೆಂದು ಎಣಿಸಬೇಕು. ಸಂತಾನದ ಸಂಖ್ಯೆಯನ್ನು ಕುರಿತ ನಿರ್ಧಾರದಲ್ಲಿ ಸಂಯಮದ ಭಾರವನ್ನು ಸ್ತ್ರೀಯ ಮೇಲೊಂದೇ ಹೊರಿಸಬಾರದು. ಬ್ರಹ್ಮಚರ್ಯಾಣುವ್ರತವು ಪುರುಷನಿಗೂ ಹೇಳಿದ್ದು. ಬಯಸದ ಗರ್ಭದಿಂದ ಸಂಕಟಕ್ಕೊಳಗಾದ ಹೆಣ್ಣುಮಗಳು ಬಾಗಿಲಿಗೆ ಬಂದರೆ ನಿಂದೆಯನ್ನು ಬದಿಗಿಟ್ಟು ಆಸರೆ ಕೊಡಬೇಕು. ಅವಳು ಆ ಮಗುವನ್ನು ಹೆತ್ತು ಸಾಕಬಯಸಿದರೆ ಅದಕ್ಕೆ ಬೇಕಾದ ಅನ್ನ, ಮನೆ, ಮರ್ಯಾದೆಗಳನ್ನು ಸಮಾಜವು ಒದಗಿಸಬೇಕು. ಜೀವದಯೆಯ ಮಾತನ್ನಾಡುವವರು ಆ ಜೀವವನ್ನು ಸಾಕುವ ಹೊಣೆಯಲ್ಲಿ ಪಾಲುಗೊಳ್ಳದಿದ್ದರೆ ಆ ಮಾತಿಗೆ ತೂಕ ಬರುವುದಿಲ್ಲ.

ಐರ್ಲೆಂಡಿನ ಕಥೆಯು 2018ರ ಮೇ 25ರಂದು ಹೊಸ ತಿರುವನ್ನು ಪಡೆಯಿತು. 8ನೆಯ ತಿದ್ದುಪಡಿಯನ್ನು ರದ್ದುಗೊಳಿಸಬೇಕೆಂದು ಸವಿತಾ ಅವರ ತಂದೆಯೂ ಬೆಳಗಾವಿಯಿಂದ ಆ ದೇಶದ ಜನರನ್ನು ಕೇಳಿಕೊಂಡಿದ್ದರು. ಮತವಿತ್ತವರಲ್ಲಿ ಶೇಕಡ 66.4ರಷ್ಟು ಜನ ಅದನ್ನು ತೆಗೆದುಹಾಕಲು ಒಪ್ಪಿದರು. 2019ರ ಜನವರಿ 1ರಿಂದ ಅಲ್ಲಿ 12 ವಾರಗಳವರೆಗೆ ಕಾರಣವನ್ನು ಕೇಳದೆ, ಅನಂತರ ತಾಯಿಯ ಪ್ರಾಣಕ್ಕೆ ಅಪಾಯ ಅಥವಾ ಆರೋಗ್ಯಕ್ಕೆ ಗಂಭೀರ ಹಾನಿಯ ಅಪಾಯವಿದ್ದಲ್ಲಿ, ಇಲ್ಲವೆ ಶಿಶುವು ಬದುಕುವಂತಿಲ್ಲದಲ್ಲಿ, ಗರ್ಭಪಾತಕ್ಕೆ ಶಾಸನವು ಎಡೆಕೊಟ್ಟಿದೆ. 1983ರಲ್ಲಿ ತಿದ್ದುಪಡಿಯನ್ನು ತಂದವರ ಪ್ರಮಾಣವೂ 2018ರಲ್ಲಿ ತೆಗೆದವರ ಪ್ರಮಾಣವೂ ಹೆಚ್ಚುಕಡಿಮೆ ಒಂದೇ ಆಗಿರುವುದನ್ನು ನೋಡಿದರೆ, ಬಹುಮತವೇ ಸತ್ಯದ ಅಳತೆಯೆಂದು ಎರಡು ಪಕ್ಷದವರೂ ಹೇಳುವಂತಿಲ್ಲ. ಇನ್ನೊಂದು ಅಂಶವು ಅದಕ್ಕಿಂತ ಚಿಂತನಾರ್ಹವಾದುದು. 2016ರ ಜನಗಣತಿಯಲ್ಲಿ ಆ ದೇಶದ ಶೇಕಡ 78ರಷ್ಟು ಜನ ತಾವು ಕ್ಯಾಥೊಲಿಕರೆಂದೇ ಬರೆಯಿಸಿದ್ದರು. ಆದುದರಿಂದ ತಿದ್ದುಪಡಿಯನ್ನು ತೆಗೆದುಹಾಕಿದವರಲ್ಲಿ ಎಷ್ಟೋ ಮಂದಿ ತಮ್ಮ ಮತವನ್ನು ತೊರೆಯದೆಯೇ ಆ ನಿರ್ಣಯಕ್ಕೆ ಬಂದವರು. ಅವರಲ್ಲಿ ಗರ್ಭಪಾತವನ್ನು ಇಂದಿಗೂ ತಪ್ಪೆಂದು ಭಾವಿಸುವವರು ಇದ್ದಿರಲಾರರೆಂದು ಹೇಳಲಾಗದು. ತಾನು ಪಾಲಿಸುವ ನಿಯಮವು ತನಗೆ. ಮತ್ತೊಬ್ಬಳ ಸಂಕಟದ ಗಳಿಗೆಯಲ್ಲಿ ಅವಳ ಮೇಲೆ ಅದನ್ನು ದಂಡವಾಗಿ ಬೀಸಬಾರದೆಂಬ ವಿವೇಕಕ್ಕೂ ಶ್ರದ್ಧೆಯಲ್ಲಿ ಎಡೆಯಿದೆ.

ಮುಂದಿನ ಅಷ್ಟಮಿಯಂದು ನಿಯಮವನ್ನು ಸ್ವೀಕರಿಸುವ ಶ್ರಾವಕ ಶ್ರಾವಿಕೆಯರು ಉಪವಾಸದ ಜೊತೆಗೆ ಮತ್ತೊಂದು ನಿಯಮವನ್ನೂ ಸೇರಿಸಿಕೊಳ್ಳಬಹುದು: ಮನೆಯ ಸೊಸೆಯ, ಮಗಳ, ನೆರೆಮನೆಯ ಹೆಣ್ಣುಮಗಳ ದೇಹವನ್ನು ಕುರಿತು ಅವಳನ್ನು ಕೇಳದೆ ನಿರ್ಣಯಿಸುವುದಿಲ್ಲವೆಂದು, ಗರ್ಭದಲ್ಲಿರುವುದು ಹೆಣ್ಣೋ ಗಂಡೋ ಎಂದು ವಿಚಾರಿಸುವುದಿಲ್ಲವೆಂದು. ಇದಕ್ಕೆ ಶಾಸನದ ಬಲ ಬೇಕಾಗಿಲ್ಲ. ದೇವ-ಗುರು-ಶಾಸ್ತ್ರಗಳ ಸಾಕ್ಷಿಯೇ ಸಾಕು.